ದೇವಸ್ಥಾನ, ಕೆರೆ ಮತ್ತು ನಮ್ಮ ದಿನಚರಿ

(ಮಹಾಶಿವರಾತ್ರಿ ಉತ್ಸವದ ಅಂಗವಾಗಿ ಲೇಪಾಕ್ಷಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಪಂಡಿತನಲ್ಲ. ಮಡಕಶಿರಾ ಸೀಮೆಯ ಕನ್ನಡ ಶಾಲೆಗಳಲ್ಲಿ ಮೇಷ್ಟ್ರಾಗಿ ಕೆಲಸ ಮಾಡಿ ನಿವೃತ್ತನಾದವನು. ಸಮಿತಿಯವರು ಮನೆಗೆ ಬಂದು, "ಪರಿಸರದ ಬಗ್ಗೆ ಅರ್ಧ ಗಂಟೆ ಮಾತಾಡಿ ಮೇಷ್ಟ್ರೇ" ಎಂದಾಗ, ಉಪವಾಸ ಇರುವವರಿಗೆ ಭಾಷಣದ ಶಿಕ್ಷೆಯೂ ಯಾಕೆ ಸ್ವಾಮಿ ಎಂದು ಕೇಳಿದೆ. "ಹೇಗೂ ರಾತ್ರಿ ಜಾಗರಣೆ ಇದೆಯಲ್ಲ" ಎಂದರು. ಅವರ ಮಾತಿನಲ್ಲಿ ಹುರುಳಿದೆ. ಆದ್ದರಿಂದ ನಿಮ್ಮ ಮುಂದೆ ನಿಂತಿದ್ದೇನೆ.

ದೇವಸ್ಥಾನದ ಒಳಗೆ ಪ್ರದಕ್ಷಿಣೆ ಬರುವಾಗ ಕಲ್ಲು ಹಾಸಿನಲ್ಲಿ ಕೊರೆದಿರುವ ತಟ್ಟೆಗಳನ್ನು ನೀವೆಲ್ಲ ನೋಡಿರುತ್ತೀರಿ. ಊಟದ ತಟ್ಟೆಯಂತೆ ದುಂಡಗೆ, ಪಲ್ಯ ಸಾರು ಹಾಕಲು ಬೇರೆ ಬೇರೆ ಗುಣಿಗಳು. ದೇವಸ್ಥಾನ ಕಟ್ಟಿದ ಶಿಲ್ಪಿಗಳು, ಕೂಲಿಯವರು ಅದರಲ್ಲೇ ಊಟ ಮಾಡುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಾರೆ. ಅಲ್ಲ, ಮೇಲ್ಛಾವಣಿಯ ಚಿತ್ರಗಳಿಗೆ ಬಣ್ಣ ಕಲಸುತ್ತಿದ್ದದ್ದು ಎಂದು ಹೇಳುವವರೂ ಇದ್ದಾರೆ. ಯಾವುದೇ ಇರಲಿ. ಬಂದವರೆಲ್ಲ ತೂಗುವ ಕಂಬದ ಕೆಳಗೆ ಟವೆಲ್ ತೂರಿಸಿ ನೋಡುತ್ತಾರೆ, ಬಸವಣ್ಣನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಮಾತ್ರ ಪ್ರತಿ ಸಲ ಆ ತಟ್ಟೆಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಚ್ಯುತದೇವರಾಯರ ಕಾಲದ, ಅಂದರೆ ಹತ್ತಿರ ಹತ್ತಿರ 500 ವರ್ಷದ ಹಳೆಯ ತಟ್ಟೆ. ಇಂದಿಗೂ ತೊಳೆದು ಅನ್ನ ಬಡಿಸಬಹುದು.

ಈಗ ಇನ್ನೊಂದು ತಟ್ಟೆಯ ವಿಷಯ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಊರಿನ ಜಾತ್ರೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಅನ್ನದಾನ ಬಹಳ ಚೆನ್ನಾಗಿ ನಡೆಯಿತು. ಸಾವಿರಾರು ಜನ ಉಂಡರು, ಎಲ್ಲರಿಗೂ ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ, ನೀರಿನ ಪ್ಯಾಕೆಟ್ಟು. ಮರುದಿನ ಬೆಳಿಗ್ಗೆ ನಾನು ಕೆರೆ ಏರಿಯ ಮೇಲೆ ನಡೆದುಹೋದಾಗ ತೂಬಿನ ಬಾಯಿ ಪೂರಾ ಬೆಳ್ಳಗೆ ಕಂಡಿತು. ಕೊಕ್ಕರೆಗಳ ಹಿಂಡು ಅಂದುಕೊಂಡೆ. ಹತ್ತಿರ ಹೋದರೆ ತಟ್ಟೆಗಳು! ಗಾಳಿಗೆ ಹಾರಿ ಬಂದವು ಕೆಲವು, ಗಾಡಿಯಲ್ಲಿ ತಂದು ಸುರಿದವು ಹೆಚ್ಚು. ಸಾರಿನ ಉಪ್ಪಿನ ರುಚಿಗೆ ಎರಡು ದನ ಅದನ್ನು ನೆಕ್ಕುತ್ತಾ, ಅಗಿಯುತ್ತಾ ನಿಂತಿದ್ದವು. ಹಿಂದಿನ ರಾತ್ರಿ ನಾನೂ ಅಂಥದೇ ತಟ್ಟೆಯಲ್ಲಿ ಉಂಡು, ಕೈ ತೊಳೆದು, ದೇವರಿಗೆ ಕೈ ಮುಗಿದು ಮಲಗಿದ್ದವನು. ಬೈಯುವುದಾದರೆ ಮೊದಲು ನನ್ನನ್ನೇ ಬೈದುಕೊಳ್ಳಬೇಕು.

2022ರ ಜುಲೈ 1ರಿಂದ ಇಂಥ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ದೇಶದಲ್ಲೆಲ್ಲ ನಿಷೇಧ ಮಾಡಿದ್ದಾರೆ. ಕಾನೂನು ಬಂತು. ಆದರೆ ಸಂತೆಯಲ್ಲಿ ಕೇಳಿದರೆ ಗೋಣಿಚೀಲದ ಕೆಳಗಿನಿಂದ ತೆಗೆದುಕೊಡುವವರು ಇನ್ನೂ ಇದ್ದಾರೆ. ಹಾಗಾಗಿ ಕಾನೂನಿನ ಮಾತು ಇಷ್ಟು ಸಾಕು. ಭಕ್ತರ ಎದುರಿಗೆ ನಾನು ಆಡಬೇಕೆಂದು ಬಂದ ಮಾತು ಬೇರೆ. ದೇವರಿಗೆ ಕೊಟ್ಟ ಕಾಣಿಕೆ ನಮ್ಮ ಹಿರಿಯರ ಕಾಲದಲ್ಲಿ ಏನಾಗುತ್ತಿತ್ತು, ನಮ್ಮ ಕಾಲದಲ್ಲಿ ಏನಾಗುತ್ತಿದೆ ಎಂಬುದು.

ವಿಜಯನಗರದ ಕಾಲದ ತಿರುಮಲೆಯ ಶಾಸನಗಳಿಂದ ಒಂದು ಸೊಗಸಾದ ಸಂಗತಿ ತಿಳಿಯುತ್ತದೆ. ಭಕ್ತನೊಬ್ಬ ಸ್ವಾಮಿಗೆ ನಿತ್ಯ ನೈವೇದ್ಯ ನಡೆಯಲಿ ಎಂದು ಹಣ ಒಪ್ಪಿಸುತ್ತಾನೆ. ಆ ಹಣವನ್ನು ದೇವಸ್ಥಾನದವರು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿರಲಿಲ್ಲ. ದೇವಸ್ಥಾನಕ್ಕೆ ಸೇರಿದ ಯಾವುದೋ ಹಳ್ಳಿಯಲ್ಲಿ ಕೆರೆ ಕಟ್ಟಿಸಲು, ಕಾಲುವೆ ತೋಡಿಸಲು ಅದನ್ನು ಹಾಕುತ್ತಿದ್ದರು. ನೀರು ಬಂದು ಬೆಳೆ ಹೆಚ್ಚಾಯಿತಲ್ಲ, ಆ ಹೆಚ್ಚುವರಿ ಬೆಳೆಯಿಂದ ಭಕ್ತನ ಹೆಸರಿನಲ್ಲಿ ನೈವೇದ್ಯ. ನೈವೇದ್ಯವಾದ ಪ್ರಸಾದದಲ್ಲಿ ನಾಲ್ಕನೆಯ ಒಂದು ಪಾಲು ದಾನ ಕೊಟ್ಟವನಿಗೆ. ದೇವರಿಗೂ ಸಂದಿತು, ರೈತನಿಗೂ ಸಂದಿತು, ಭಕ್ತನಿಗೂ ಸಂದಿತು. ಇಂದು ಬ್ಯಾಂಕಿನವರು ಇಡುಗಂಟು ಎಂದು ಏನನ್ನು ಕರೆಯುತ್ತಾರೋ ಅದನ್ನು ಅವರು ನೀರಿನಲ್ಲಿ ಇಟ್ಟಿದ್ದರು. ನಮ್ಮಲ್ಲಿ "ನೀರಿನಲ್ಲಿ ಹೋಮ ಮಾಡಿದ ಹಾಗೆ" ಎಂಬ ಗಾದೆಗೆ ಹಣ ದಂಡವಾಯಿತು ಎಂದು ಅರ್ಥ. ತಿರುಮಲೆಯವರು ನೀರಿಗೆ ಹಾಕಿ ಅದರಿಂದಲೇ ಫಲ ತೆಗೆದರು.

ಲೇಪಾಕ್ಷಿಯಲ್ಲೂ ಇದೇ ಮಾತು. ಇಲ್ಲಿಯ ಕನ್ನಡ ಶಾಸನಗಳು ದೇವರ ಸೇವೆಗೆ ಹಳ್ಳಿ, ಹೊಲ ಗದ್ದೆ ಬಿಟ್ಟದ್ದನ್ನು ಹೇಳುತ್ತವೆ. ಗದ್ದೆ ಎಂದಮೇಲೆ ಕೆರೆ ಇರಲೇಬೇಕು. ನಮ್ಮ ಸೀಮೆಯಲ್ಲಿ ಮಳೆ ನೆಚ್ಚಿ ಭತ್ತ ಬೆಳೆದವರಿಲ್ಲ. ದೇವರ ಮುಂದಿನ ಹಿಡಿ ಅನ್ನದ ಹಿಂದೆ ಒಂದು ಕೆರೆ ಇತ್ತು, ಅದರ ತೂಬು ಕಾಯುವ ಒಬ್ಬ ಮನುಷ್ಯ ಇದ್ದ. ವಿರೂಪಣ್ಣನ ಕಥೆ ನಿಮಗೆ ಗೊತ್ತೇ ಇದೆ. ಅರಸನ ಬೊಕ್ಕಸದ ಹಣವನ್ನು ಹೇಳದೆ ಕೇಳದೆ ದೇವಸ್ಥಾನಕ್ಕೆ ಸುರಿದ, ಚಾಡಿ ಹೋಯಿತು, ಕಣ್ಣುಗಳನ್ನೇ ಕಿತ್ತು ಗೋಡೆಗೆ ಎಸೆದ ಎಂದು ಹೇಳುತ್ತಾರೆ. ಕಲ್ಯಾಣ ಮಂಟಪ ಅರ್ಧಕ್ಕೇ ನಿಂತಿದೆ. ಇದು ಐತಿಹ್ಯ. ಆದರೂ ಖಜಾಂಚಿಯ ಕೆಲಸ ಒಪ್ಪಿಕೊಂಡ ನಮ್ಮ ಹುಡುಗರಿಗೆ ನಾನು ತಪ್ಪದೆ ಈ ಕಥೆ ಹೇಳುತ್ತೇನೆ.

ಕೆರೆ ಕಟ್ಟಿಸುವುದಕ್ಕೂ, ಕೆಡದಂತೆ ನೋಡಿಕೊಳ್ಳುವುದಕ್ಕೂ ಬೇರೆಯೇ ಮಾನ್ಯ ಇತ್ತು. ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಬರುತ್ತವೆ. ನಮ್ಮ ರಾಯಲಸೀಮೆಯಲ್ಲಿ ದಶಬಂಧ ಎನ್ನುತ್ತಾರೆ. ಕೆರೆಯನ್ನು ದುರಸ್ತಿಯಲ್ಲಿಡುವವನಿಗೆ ಆ ಕೆರೆಯ ಕೆಳಗೇ ಭೂಮಿ. ಕೆರೆ ಒಣಗಿದರೆ ಅವನ ಭೂಮಿಯೂ ಒಣಗುತ್ತದೆ. ಇಂದಿನ ಗುತ್ತಿಗೆದಾರರಿಗೆ ಇಂಥ ನಿಯಮ ಇದ್ದಿದ್ದರೆ ಹೇಗಿರುತ್ತಿತ್ತು ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1369ರಲ್ಲಿ ಬುಕ್ಕರಾಯನ ಮಗ ಭಾಸ್ಕರ ಭವದೂರ ಕಟ್ಟಿಸಿದ ಕೆರೆ, ಇಂದಿಗೂ ಇದೆ. ಅಲ್ಲಿ ಒಂದು ಸಂಸ್ಕೃತ ಶಾಸನ. ಸಾವಿರ ಕೂಲಿಯವರು ದಿನವೂ ದುಡಿದು, ನೂರು ಗಾಡಿ ಓಡಾಡಿ, ಎರಡು ವರ್ಷದಲ್ಲಿ ಕೆರೆ ಮುಗಿಯಿತು ಎಂದು ಹೇಳುತ್ತದೆ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ಇರಬಾರದ ಆರು ದೋಷಗಳನ್ನೂ ಕಲ್ಲಿನ ಮೇಲೆ ಬರೆದಿದ್ದಾರೆ. ಧರ್ಮಿಷ್ಠನಾದ ಅರಸ, ನೀರಿನ ಶಾಸ್ತ್ರ ಬಲ್ಲವನು, ಗಟ್ಟಿ ಮಣ್ಣಿನ ನೆಲ, ಸಿಹಿನೀರಿನ ನದಿ, ಎರಡು ಕಡೆ ಗುಡ್ಡ, ನಡುವೆ ಅತಿ ಉದ್ದವಲ್ಲದ ಭದ್ರವಾದ ಕಟ್ಟೆ, ಹತ್ತಿರದಲ್ಲೇ ಒಳ್ಳೆಯ ಕಲ್ಲು, ಕೆಲಸ ಬಲ್ಲ ಜನ ಹೀಗೆ ಪಟ್ಟಿ ಹೋಗುತ್ತದೆ. ದೋಷಗಳಲ್ಲಿ ಏರಿಯಿಂದ ನೀರು ಒಸರುವುದು, ಚೌಳು ಮಣ್ಣು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ಉಬ್ಬಿದ ನೆಲ ಇವೆಲ್ಲ ಬರುತ್ತವೆ. ನೀರು ಕಡಿಮೆ ಇದ್ದು ಅಚ್ಚುಕಟ್ಟು ಹೆಚ್ಚಾಗುವುದೂ ದೋಷವೇ.

ಇನ್ನೊಂದು ದೋಷ ಓದಿದಾಗ ನಾನು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದೆ. ಎರಡು ರಾಜ್ಯಗಳ ಗಡಿಯಲ್ಲಿ ಇರುವುದು! ನಮ್ಮದೇ ಜಾತಕ ಅದು. ಉತ್ತರ ಪಿನಾಕಿನಿ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಗೌರಿಬಿದನೂರಿನ ಮೇಲೆ ಹಾದು ಹಿಂದೂಪುರದ ಕಡೆಗೆ ಇಳಿಯುತ್ತಾಳೆ. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಬಂದು ಅವಳನ್ನು ಕೂಡುತ್ತಾಳೆ. ಪಿನಾಕ ಶಿವನ ಬಿಲ್ಲು. ಬಿಲ್ಲಿಗೆ ಆಂಧ್ರ ಕರ್ನಾಟಕ ಗೊತ್ತಿಲ್ಲ. 1892ರಲ್ಲಿ ಮದರಾಸು ಸರ್ಕಾರಕ್ಕೂ ಮೈಸೂರು ಸಂಸ್ಥಾನಕ್ಕೂ ಒಪ್ಪಂದವಾಗಿ, ಇಂಥ ನದಿಗಳ ಮೇಲೆ ಮೈಸೂರಿನವರು ಹೊಸ ಕೆಲಸ ಮಾಡಬೇಕಾದರೆ ಮದರಾಸಿನ ಒಪ್ಪಿಗೆ ಕೇಳಬೇಕೆಂದಾಯಿತು. ಆ ಪಟ್ಟಿಯಲ್ಲಿ ನಮ್ಮ ಪಿನಾಕಿನಿಯೂ ಇದ್ದಳು. ಒಪ್ಪಂದ ಮಾಡಿಕೊಂಡವರು ನೆಲದ ಮೇಲೆ ಹರಿಯುವ ನೀರಿಗೆ ಲೆಕ್ಕ ಇಟ್ಟರು. ನೆಲದ ಕೆಳಗಿನ ನೀರಿಗೆ ಕೊಳವೆ ಇಳಿಸುವ ಕಾಲ ಬರುತ್ತದೆಂದು ಅವರಿಗೆ ಹೇಗೆ ತಿಳಿಯಬೇಕು? ಈಗ ಎರಡೂ ಕಡೆಯವರು ಒಂದೇ ಕಲ್ಲಿನ ಬಿರುಕಿನಿಂದ ಸ್ಪರ್ಧೆಗೆ ಬಿದ್ದು ಎಳೆಯುತ್ತಿದ್ದೇವೆ. ಎಳೆಯುವವರಲ್ಲಿ ಕನ್ನಡದವರೂ ಇದ್ದಾರೆ, ತೆಲುಗಿನವರೂ ಇದ್ದಾರೆ, ಬಹಳಷ್ಟು ಮಂದಿ ಬೀಗರೂ ಹೌದು.

ನನ್ನ ತಮ್ಮ ಮೊದಲ ಬೋರು ಹಾಕಿಸಿದಾಗ 180 ಅಡಿಗೆ ನೀರು. ಊರಿಗೆಲ್ಲ ಬೆಲ್ಲ ಹಂಚಿದ. ಎರಡನೆಯದು 400. ಮೂರನೆಯದು 750 ಅಡಿ ಹೋಗಿ ಬರೀ ಬಿಳಿ ಧೂಳು ಹಾರಿತು, ಅವನ ಹೆಂಡತಿಯ ಬಳೆ ಹಿಂದೂಪುರದ ಅಂಗಡಿಯಲ್ಲಿ ಉಳಿಯಿತು. ಬೋರು ಯಾಕೆ ಬತ್ತುತ್ತದೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. ನಮ್ಮದು ಕಗ್ಗಲ್ಲಿನ ನೆಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲೂ, ಕೆಳಗಿನ ಬಿರುಕುಗಳಲ್ಲೂ ಮಾತ್ರ ನೀರು ನಿಲ್ಲುತ್ತದೆ. ಆ ಪದರಕ್ಕೆ ನೀರು ಇಳಿಸುತ್ತಿದ್ದದ್ದು ಕೆರೆ. ಕೆರೆಯಲ್ಲಿ ಹೂಳು ತುಂಬಿ, ಬಳ್ಳಾರಿ ಜಾಲಿ ಬೆಳೆದು, ಮೇಲಿನಿಂದ ನೀರು ತರುವ ಕಾಲುವೆಯನ್ನು ಯಾರೋ ಹೊಲಕ್ಕೆ ಸೇರಿಸಿಕೊಂಡ ಮೇಲೆ ಇಳಿಯುವುದು ಏನು? ಆಳಕ್ಕೆ ಹೋದಷ್ಟೂ ಕಲ್ಲಿನ ಜೊತೆ ಬಹುಕಾಲ ಇದ್ದ ನೀರು ಬರುತ್ತದೆ, ಅದರಲ್ಲಿ ಫ್ಲೋರೈಡ್ ಹೆಚ್ಚು. ಶಾಲೆಯಲ್ಲಿ ಮಕ್ಕಳು ನಕ್ಕಾಗ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತಿತ್ತು. ಹಾಜರಿ ಕೂಗುವಾಗ ದಿನವೂ ನೋಡಿದವನು ನಾನು.

ಹಿಂದಿನದೆಲ್ಲ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ. ನಾನು ಚಿಕ್ಕವನಾಗಿದ್ದಾಗ ನಮ್ಮೂರಲ್ಲಿ ಒಬ್ಬ ನೀರುಗಂಟಿ ಇದ್ದ. ಯಾರ ಗದ್ದೆಗೆ ಯಾವ ಹೊತ್ತು, ಎಷ್ಟು ನೀರು ಎಂಬುದು ಅವನ ಬಾಯಲ್ಲೇ. ಗೌಡನ ಗದ್ದೆಗೂ ಸರದಿ ತಪ್ಪಿಸಿ ಬಿಡುತ್ತಿರಲಿಲ್ಲ. ಬರದ ವರ್ಷ ಇರುವ ನೀರಿಗೆ ತಕ್ಕಂತೆ ಪ್ರತಿಯೊಬ್ಬರೂ ಇಷ್ಟೇ ನಾಟಿ ಮಾಡಬೇಕೆಂದು ಏರಿಯ ಮೇಲೆ ಕೂತು ತೀರ್ಮಾನ ಮಾಡುತ್ತಿದ್ದರು. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಕಾಳು. ಅಷ್ಟು ನಂಬಿಕೆಯ ಮನುಷ್ಯ. ಆದರೆ ಅವನು ದಲಿತ ಕೇರಿಯವನು. ಊರಿಗೆಲ್ಲ ನೀರು ಹಂಚುವ ಆ ಕೈಗೆ ಊರ ಬಾವಿಯಲ್ಲಿ ಕೊಡ ಇಳಿಸುವ ಹಕ್ಕಿರಲಿಲ್ಲ. ಅವನ ಹೆಂಡತಿ ಬಾವಿಯ ಹತ್ತಿರ ಕಾದು ನಿಂತು, ಯಾರಾದರೂ ಮೇಲಿಂದ ಸುರಿದರೆ ತುಂಬಿಸಿಕೊಂಡು ಹೋಗುತ್ತಿದ್ದಳು. ಅವನ ಮಗ ಬೆಂಗಳೂರಿಗೆ ಹೋದ, ತಿರುಗಿ ಬರಲಿಲ್ಲ. ಬರಬೇಕಿತ್ತು ಎಂದು ಹೇಳುವ ಮುಖ ನಮಗಿದೆಯೇ? ಕೆರೆ ಮತ್ತೆ ಊರಿನದಾಗಬೇಕಾದರೆ ಮೊದಲು ಊರು ಎಂದರೆ ಯಾರು ಯಾರು ಎಂಬುದು ತೀರ್ಮಾನವಾಗಬೇಕು. 1997ರಲ್ಲಿ ಆಂಧ್ರದಲ್ಲಿ ಕಾಯಿದೆ ಬಂದು ನೀರು ಬಳಕೆದಾರರ ಸಂಘಗಳಾದವು. ಕೆರೆಯ ಕೆಳಗೆ ಗದ್ದೆ ಇದ್ದವರು ಅದರಲ್ಲಿ ಸೇರಿದರು. ಗದ್ದೆ ಇಲ್ಲದವನ ಕುರಿ, ಬಟ್ಟೆ ಒಗೆಯುವವರ ಕಲ್ಲು, ಮೀನು ಹಿಡಿಯುವವನ ಬಲೆ, ಕುಂಬಾರನ ಮಣ್ಣು ಇವೂ ಕೆರೆಯವೇ ಅಲ್ಲವೇ?

ಅನಂತಪುರದ ಹತ್ತಿರ ಬುಕ್ಕರಾಯಸಮುದ್ರದ ಕೆರೆ ಇದೆ. ಅಲ್ಲಿಯ ಮುಸಲಮ್ಮನ ಕಥೆ ಗೊತ್ತಿರುವವರು ಇಲ್ಲಿ ಬಹಳ ಮಂದಿ ಇರಬಹುದು. ಕೆರೆ ಒಡೆಯುವ ಹೊತ್ತಿಗೆ ಊರನ್ನು ಉಳಿಸಲು ಪ್ರಾಣ ಕೊಟ್ಟ ಸೊಸೆ. ಮುಂದೆ ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ತಮ್ಮ ಹರೆಯದಲ್ಲಿ ಅವಳ ಮೇಲೆ ತೆಲುಗಿನಲ್ಲಿ ಕಾವ್ಯ ಬರೆದರು. ನಮ್ಮ ಕನ್ನಡದಲ್ಲಿ 'ಕೆರೆಗೆ ಹಾರ'ದ ಭಾಗೀರಥಿ ಇದ್ದಾಳೆ. ಎರಡು ಭಾಷೆ, ಒಂದೇ ಸೊಸೆ. ಆ ತಾಯಂದಿರಿಗೆ ಕೈ ಮುಗಿಯುತ್ತೇನೆ. ಆದರೂ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಏರಿಯಲ್ಲಿ ಇಲಿಬಿಲ ಮುಚ್ಚುವ, ಕೋಡಿಯ ಕಸ ತೆಗೆಯುವ ಕೆಲಸವನ್ನು ಊರ ಗಂಡಸರೆಲ್ಲ ಪ್ರತಿ ವರ್ಷ ಮಾಡಿದ್ದರೆ ಯಾರ ಮನೆಯ ಸೊಸೆಯೂ ಹಾರವಾಗಬೇಕಿರಲಿಲ್ಲವಲ್ಲ! ಈಗಲೂ ಕೊಡ ಹಿಡಿದು ಟ್ಯಾಂಕರಿಗೆ ಕಾಯುವವರು ಸೊಸೆಯಂದಿರೇ.

ಕೃಷ್ಣೆಯ ನೀರು ಬರುತ್ತದೆ, ಇನ್ನು ಕೆರೆಯ ಚಿಂತೆ ಯಾಕೆ ಎಂದು ಕೇಳುತ್ತಾರೆ. ಹಂದ್ರಿ-ನೀವಾ ಯೋಜನೆಯಲ್ಲಿ ಶ್ರೀಶೈಲದ ಹಿನ್ನೀರನ್ನು ಎತ್ತಿ ಎತ್ತಿ ಅನಂತಪುರ ಸೀಮೆಗೆ ತಂದಿದ್ದಾರೆ. ಸಂತೋಷ, ಮಲ್ಲಿಕಾರ್ಜುನನ ಪಾದ ತೊಳೆದ ನೀರು ನಮಗೆ ಬಂದರೆ ಯಾರು ಬೇಡ ಎಂದಾರು? ಆದರೆ ಬಂದ ನೀರು ನಿಲ್ಲಬೇಕಾದದ್ದು ಎಲ್ಲಿ? ಅದೇ ಹಳೆಯ ಕೆರೆಯಲ್ಲಿ. ಬಿಂದಿಗೆ ಒಡೆದಿದ್ದರೆ ಗಂಗೆಯನ್ನೇ ತಂದರೂ ಉಪಯೋಗವಿಲ್ಲ.

ನಮ್ಮ ಹತ್ತಿರದಲ್ಲೇ ನಡೆದ ಒಂದು ಒಳ್ಳೆಯ ಕೆಲಸ ಹೇಳುತ್ತೇನೆ. ಚೆನ್ನೇಕೊತ್ತಪಲ್ಲಿಯ ಕಡೆ 1990ರಲ್ಲಿ ಕೆಲವರು 32 ಎಕರೆ ಬೋಳು ನೆಲ ಕೊಂಡು 'ಟಿಂಬಕ್ಟು ಕಲೆಕ್ಟಿವ್' ಎಂದು ಶುರು ಮಾಡಿದರು. ಕಲ್ಲು, ಮುಳ್ಳು ಬಿಟ್ಟರೆ ಏನೂ ಇಲ್ಲದ ಜಾಗ. ಬೆಂಕಿ ಬೀಳದಂತೆ, ದನ ನುಗ್ಗದಂತೆ ಕಾಯ್ದರು, ಬದು ಹಾಕಿದರು. ಸುತ್ತಿನ ಹಳ್ಳಿಗಳವರು ಸೇರಿ ರೊದ್ದಂ ಕಡೆಯ ಗುಡ್ಡಗಳಲ್ಲಿ ಕಲ್ಪವಲ್ಲಿ ಎಂಬ ಸಾವಿರಾರು ಎಕರೆಯ ಕಾಡು ಎಬ್ಬಿಸಿದರು. ಗಿಡ ನೆಟ್ಟದ್ದಕ್ಕಿಂತ, ತಾನಾಗಿ ಚಿಗುರುವ ಬೇರನ್ನು ಕಾದದ್ದೇ ಹೆಚ್ಚು. ಹುಲ್ಲು ಬಂತು, ಈಚಲು ಬಂತು. ಗುಡ್ಡ ಹಸಿರಾದರೆ ಕೆಳಗಿನ ಕೆರೆಗೆ ಮಣ್ಣು ಬರುವುದು ಕಡಿಮೆ, ನೀರು ಬರುವುದು ಹೆಚ್ಚು. ಆಮೇಲೆ ಅದೇ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಲು ರಸ್ತೆ ಕಡಿದರು. ಮರ ಹೋಯಿತು, ಮಣ್ಣು ಜಾರಿತು, ತಕರಾರು ನ್ಯಾಯಾಲಯದವರೆಗೂ ಹೋಯಿತು. ಗಾಳಿಯಿಂದ ವಿದ್ಯುತ್ತು ಒಳ್ಳೆಯದೇ. ಗುಡ್ಡ ಯಾರದ್ದು ಎಂದು ಕೇಳದೆ ಮಾಡಿದರೆ ಒಳ್ಳೆಯದೂ ಕೆಡುತ್ತದೆ. ಅದೇ ಟಿಂಬಕ್ಟುವಿನವರು ರೈತರ ಸಹಕಾರ ಸಂಘ ಮಾಡಿ ನವಣೆ, ಸಾಮೆ, ರಾಗಿ ಕೊಂಡು ಮಾರುತ್ತಾರೆ. ಕಡಲೆಕಾಯಿಯೊಂದನ್ನೇ ನಂಬಿ ಮಳೆ ಕೈಕೊಟ್ಟಾಗಲೆಲ್ಲ ಸಾಲಕ್ಕೆ ಬಿದ್ದ ಜಿಲ್ಲೆ ನಮ್ಮದು. ನವಣೆಗೆ ಅಷ್ಟು ನೀರಿನ ಹಟವಿಲ್ಲ.

ಈಗ ಮನೆಯ ವಿಷಯ. ಮೇಷ್ಟ್ರ ಚಟ, ಒಂದು ಲೆಕ್ಕ ಹಾಕಿಸದೆ ಬಿಡುವುದಿಲ್ಲ. ನಿಮ್ಮ ಮಾಳಿಗೆ 1,000 ಚದರ ಅಡಿ ಇದೆ ಅನ್ನಿ. ನಮ್ಮ ಸೀಮೆಯಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಮಳೆ ಅನ್ನಿ, ಕೆಲವು ವರ್ಷ ಇನ್ನೂ ಕಡಿಮೆ, ಕೆಲವು ವರ್ಷ ಹೆಚ್ಚು. ಆ ಮಾಳಿಗೆಯ ಮೇಲೆ ಬೀಳುವ ನೀರು 46,000 ಲೀಟರ್! 15 ಲೀಟರಿನ ಕೊಡದಲ್ಲಿ ಅಳೆದರೆ ಮೂರು ಸಾವಿರ ಕೊಡ. ಅದರಲ್ಲಿ ಅರ್ಧ ಹಿಡಿದರೂ ಟ್ಯಾಂಕರಿನವನ ಹತ್ತಿರ ಜಗಳ ಆಡುವುದು ಎಷ್ಟೋ ತಪ್ಪುತ್ತದೆ. ಮೊದಲ ಮಳೆ ಹರಿದುಹೋಗಲು ಬಿಟ್ಟು, ಆಮೇಲಿನದನ್ನು ಜಲ್ಲಿ ಮರಳಿನಲ್ಲಿ ಸೋಸಿ ತೊಟ್ಟಿಗೆ ಬಿಡಿ. ತೊಟ್ಟಿ ಕಟ್ಟುವ ಶಕ್ತಿ ಇಲ್ಲದವರು ಬತ್ತಿದ ಬೋರಿನ ಪಕ್ಕ ಗುಂಡಿ ತೋಡಿ ಕಲ್ಲು ತುಂಬಿ ಅಲ್ಲಿಗೆ ಬಿಡಿ. ನನ್ನ ತಮ್ಮನ 400 ಅಡಿಯ ಬೋರಿಗೆ ಹಾಗೆ ಮಾಡಿದೆವು. ಪವಾಡವೇನೂ ಆಗಲಿಲ್ಲ, ಬೇಸಿಗೆಯಲ್ಲಿ ದಿನಕ್ಕೆ ಒಂದು ಗಂಟೆ ಮೋಟರು ಓಡುತ್ತದೆ. ಮನೆಗೂ ಎರಡು ಎಮ್ಮೆಗೂ ಸಾಕು.

ಉತ್ಸವದ ವಿಷಯದಲ್ಲಿ ಸಮಿತಿಯವರ ಮುಂದೆ ನನ್ನ ಮನವಿ ಹೆಚ್ಚಿಲ್ಲ. ಅನ್ನದಾನಕ್ಕೆ ಮುತ್ತುಗದ ಎಲೆ, ಇಲ್ಲವೇ ಅಡಿಕೆ ಹಾಳೆ. ಉಂಡ ಮೇಲೆ ಗೊಬ್ಬರದ ಗುಂಡಿಗೆ. ಮುತ್ತುಗದ ಎಲೆ ಕಟ್ಟುವ ಮುದುಕಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ; ಮೂರು ತಿಂಗಳು ಮುಂಚೆ ಹೇಳಿದರೆ ಕಟ್ಟಿ ಕೊಡುತ್ತಾರೆ, ಹಿಂದಿನ ದಿನ ಹೇಳಿದರೆ ಎಲ್ಲಿಂದ ತಂದಾರು? ಸ್ಟೀಲ್ ತಟ್ಟೆ ಕೊಂಡಿಟ್ಟರೆ ಇನ್ನೂ ಮೇಲು, ತೊಳೆಯುವ ಸೇವೆಗೆ ನಾನು ಮೊದಲು ಹೆಸರು ಬರೆಸುತ್ತೇನೆ. ಪಾರಣೆಯ ದಿನ ಒಂದು ನವಣೆ ಅಡುಗೆ ಇರಲಿ. ಬಿಲ್ವಪತ್ರೆ, ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ಚೀಲದ ಸಮೇತ ನೀರಿಗೆ ಬಿಡುವುದು ದಯವಿಟ್ಟು ಬೇಡ. ನೀರೆಂದರೆ ಶಿವನ ಅಷ್ಟಮೂರ್ತಿಗಳಲ್ಲಿ ಒಂದು.

ಇನ್ನೊಂದು ಮನವಿ ಇದೆ, ಮುಖ್ಯವಾದದ್ದು ಅದೇ. ಕಾಣಿಕೆ ಹುಂಡಿಯ ಹಣಕ್ಕೆ ನಾನು ಕೈ ಹಾಕುತ್ತಿಲ್ಲ, ಅದಕ್ಕೆ ಅದರದೇ ಇಲಾಖೆ, ನಿಯಮ ಇದೆ. ಉತ್ಸವಕ್ಕೆಂದು ನಾವು ಮನೆ ಮನೆಗೆ ಹೋಗಿ ಎತ್ತುವ ಚಂದಾ ಇದೆಯಲ್ಲ, ಅದರಲ್ಲಿ ಹತ್ತನೆಯ ಒಂದು ಪಾಲು ಕೆರೆಗೆ ಎಂದು ಬರೆದಿಡಿ. ದಶಬಂಧ ಎಂಬ ಹಳೆಯ ಹೆಸರನ್ನೇ ಇಡಿ. ಪಟಾಕಿಯಲ್ಲಿ, ರಾತ್ರಿಯಿಡೀ ಕಿರುಚುವ ಮೈಕಿನಲ್ಲಿ ಸ್ವಲ್ಪ ಕಡಿಮೆ ಮಾಡಿದರೆ ಅಷ್ಟು ಉಳಿಯುತ್ತದೆ. ಆ ಹಣದಲ್ಲಿ ಪ್ರತಿ ವರ್ಷ ಒಂದು ಹಳ್ಳಿಯ ಕೆರೆಗೆ ಕಾಲುವೆ ಬಿಡಿಸುವುದು, ಅಪ್ಪಣೆ ಪಡೆದು ಹೂಳು ತೆಗೆಸುವುದು. ಹೂಳು ರೈತರ ಹೊಲಕ್ಕೆ ಹೋಗಲಿ, ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಗಡಿಯ ಆಚೆಯವರು ಕೊಟ್ಟ ಚಂದಾ ಇದ್ದರೆ ಒಂದು ವರ್ಷ ಗಡಿಯ ಆಚೆಯ ಕೆರೆಗೂ ಹೋಗಲಿ. ಅಲ್ಲಿ ನಿಂತ ನೀರು ಇಳಿದು ಬರುವುದು ಈ ಕಡೆಗೇ. ಲೆಕ್ಕವನ್ನು ಮುಂದಿನ ಶಿವರಾತ್ರಿಯಂದು ಇದೇ ಜಾಗದಲ್ಲಿ ಎಲ್ಲರ ಮುಂದೆ ಓದಬೇಕು. ವಿರೂಪಣ್ಣ ನೋಡುತ್ತಿರುತ್ತಾನೆ.

ಸಮಿತಿ ತೀರ್ಮಾನ ಮಾಡುವವರೆಗೆ ಸುಮ್ಮನೆ ಕೂರಬಾರದೆಂದು ನಾವು ಕೆಲವರು ನಮ್ಮ ಹಳ್ಳಿಯ ಕೆರೆಯಲ್ಲಿ ಶುರು ಮಾಡುತ್ತಿದ್ದೇವೆ. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ, ಕೋಡಿಯ ಹತ್ತಿರ. ವಿಳಾಸ ಸಮಿತಿಯವರ ಹತ್ತಿರ ಇದೆ. ಗುದ್ದಲಿ, ಮಚ್ಚು, ಬುಟ್ಟಿ ಇದ್ದವರು ತನ್ನಿ. ಜಾಲಿ ಮುಳ್ಳು ಬಹಳ ಇದೆ, ಗಟ್ಟಿಯಾದ ಚಪ್ಪಲಿ ಹಾಕಿಕೊಂಡು ಬನ್ನಿ. ಎಲ್ಲ ಕೇರಿಯವರೂ ಬರುತ್ತಾರೆ, ಎಲ್ಲರಿಗೂ ಒಂದೇ ಕಡೆ ಕೂತು ತಿಂಡಿ. ಕುಡಿಯುವ ನೀರು ಮಣ್ಣಿನ ಕೊಡದಲ್ಲಿ ಇಟ್ಟಿರುತ್ತೇವೆ. ಲೋಟ ಮಾತ್ರ ಅವರವರೇ ತರಬೇಕು.